ಸಹಿಗೆ ಹೊಣೆ ಯಾರದು? ಎಂಜಿನಿಯರುಗಳ ಸಂಘದ ರಾಜ್ಯ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ರಾಜ್ಯಾಧ್ಯಕ್ಷರಿಗೆ, ಪ್ರಧಾನ ಕಾರ್ಯದರ್ಶಿಗಳಿಗೆ ಮತ್ತು ರಾಜ್ಯ ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಮ್ಮ ಸಿವಿಲ್ ಎಂಜಿನಿಯರುಗಳ ಸಂಘದ ಜಿಲ್ಲಾ ಕೇಂದ್ರವೊಂದರ ಅಧ್ಯಕ್ಷನಾಗಿ ಒಂದು ವರ್ಷದ ಅವಧಿ ಮುಗಿಸಿ, ಲೆಕ್ಕಪತ್ರ, ನಡಾವಳಿ ಪುಸ್ತಕ ಮತ್ತು ಸೀಲನ್ನು ಹೊಸ ಪದಾಧಿಕಾರಿಗಳಿಗೆ ಒಪ್ಪಿಸಿದ್ದೇನೆ. ಅಧಿಕಾರದಲ್ಲಿದ್ದಾಗ ಬರೆದ ಪತ್ರಗಳಿಗೆ ತಮ್ಮ ಕಚೇರಿಯಿಂದ ಉತ್ತರ ಬರಲಿಲ್ಲವಾದ್ದರಿಂದ, ಈಗ ಒಬ್ಬ ಸಾಮಾನ್ಯ ಸದಸ್ಯನಾಗಿ ಅದೇ ವಿಷಯಗಳನ್ನು ಬಹಿರಂಗವಾಗಿ ತಮ್ಮ ಮುಂದಿಡುತ್ತಿದ್ದೇನೆ. ಸಂಘದ ಹೆಸರನ್ನಾಗಲಿ, ನಮ್ಮ ಊರಿನ ಹೆಸರನ್ನಾಗಲಿ, ಯಾವುದೇ ವ್ಯಕ್ತಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಸಂಬಂಧಪಟ್ಟವರಿಗೆ ಅದು ಗೊತ್ತಿದೆ. ಉಳಿದ ಓದುಗರಿಗೆ ಹೆಸರಿಗಿಂತ ವಿಷಯ ಮುಖ್ಯ. ಯಾಕೆಂದರೆ ನಾವು ಸಹಿ ಹಾಕಿದ ನಕ್ಷೆಗಳ ಮೇಲೆ ನಿಂತ ಮನೆಗಳಲ್ಲಿ ಮಲಗುವವರು ಅವರೇ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಮ್ಮದು ಸಂಜೆ ಹೊತ್ತು ಕಳೆಯುವ ಕ್ಲಬ್ ಆಗಿದ್ದರೆ ಈ ಪತ್ರದ ಅಗತ್ಯವೇ ಇರಲಿಲ್ಲ. ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ಲೆಕ್ಕಪರಿಶೋಧಕರಿಗೆ 1949ರಿಂದಲೂ ಕಾಯ್ದೆಯಿದೆ. ಇವರಲ್ಲಿ ಯಾರಾದರೂ ವೃತ್ತಿಗೆ ದ್ರೋಹ ಬಗೆದರೆ ವಿಚಾರಣೆ ನಡೆಸುವ, ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರವುಳ್ಳ ಪರಿಷತ್ತುಗಳಿವೆ. ಸಿವಿಲ್ ಎಂಜಿನಿಯರನ ಮಟ್ಟಿಗೆ ದೇಶಕ್ಕೆಲ್ಲ ಅನ್ವಯವಾಗುವ ಅಂಥ ಕಾಯ್ದೆ ಇಂದಿಗೂ ಇಲ್ಲ. ಗುಜರಾತ್ 2006ರಲ್ಲಿ ತನ್ನದೇ ಆದ ವೃತ್ತಿಪರ ಸಿವಿಲ್ ಎಂಜಿನಿಯರುಗಳ ಕಾಯ್ದೆಯನ್ನು ಮಾಡಿಕೊಂಡಿತು. ನಮ್ಮಲ್ಲಿ ನಗರಸಭೆ, ಪ್ರಾಧಿಕಾರಗಳು ಕೊಡುವ ಲೈಸೆನ್ಸ್ ಇದೆ ನಿಜ, ಆದರೆ ಅದು ನಕ್ಷೆ ಸಲ್ಲಿಸುವುದಕ್ಕೆ ಕೊಡುವ ಪರವಾನಗಿಯೇ ಹೊರತು, ವೃತ್ತಿಯ ನಡತೆಯನ್ನು ನೋಡಿಕೊಳ್ಳುವ ವ್ಯವಸ್ಥೆಯಲ್ಲ. ಕಾನೂನು ಖಾಲಿ ಬಿಟ್ಟಿರುವ ಆ ಜಾಗದಲ್ಲಿ ಸದ್ಯಕ್ಕೆ ಇರುವುದು ನಮ್ಮಂಥ ಸಂಘಗಳು ಮಾತ್ರ. ‘ನಮ್ಮ ಸದಸ್ಯ’ ಎಂದು ನಾವು ಹೇಳಿದರೆ ಅದಕ್ಕೊಂದು ಅರ್ಥವಿರಬೇಕು ಎಂಬ ನಂಬಿಕೆಯಿಂದಲೇ ನಾನು ಈ ಹುದ್ದೆಯನ್ನು ಒಪ್ಪಿಕೊಂಡಿದ್ದೆ.

ವರ್ಷದ ಆರಂಭದಲ್ಲಿ ತಮ್ಮ ಕಚೇರಿಯಿಂದ ಬಂದ ಸುತ್ತೋಲೆಯಲ್ಲಿ ಒಂದು ಕೇಂದ್ರವನ್ನು ಅಳೆಯುವ ಮಾನದಂಡಗಳಿದ್ದವು: ಎಷ್ಟು ಹೊಸ ಸದಸ್ಯತ್ವ, ಎಷ್ಟು ಕಾರ್ಯಕ್ರಮ, ಪ್ರತಿ ಕಾರ್ಯಕ್ರಮಕ್ಕೆ ಎಷ್ಟು ಹಾಜರಾತಿ, ಎಷ್ಟು ಪ್ರಾಯೋಜಕತ್ವ, ಪತ್ರಿಕೆಯಲ್ಲಿ ಬಂದ ಸುದ್ದಿಯ ಕತ್ತರಣೆ, ವೇದಿಕೆಯ ಫೋಟೋ. ಈ ಅಂಕಗಳ ಮೇಲೆ ರಾಜ್ಯ ಸಮ್ಮೇಳನದಲ್ಲಿ ‘ಉತ್ತಮ ಕೇಂದ್ರ’ ಪ್ರಶಸ್ತಿ. ಆ ಪಟ್ಟಿಯಲ್ಲಿ ಸದಸ್ಯರ ಕೆಲಸದ ಗುಣಮಟ್ಟಕ್ಕಾಗಲಿ, ಸಾರ್ವಜನಿಕರು ಕೊಟ್ಟ ದೂರುಗಳ ವಿಲೇವಾರಿಗಾಗಲಿ, ಸೈಟಿನಲ್ಲಿ ನಡೆದ ತರಬೇತಿಗಾಗಲಿ ಒಂದು ಸಾಲೂ ಇರಲಿಲ್ಲ. ಅಳತೆಗೋಲು ಹೇಗಿದೆಯೋ ಕೆಲಸವೂ ಹಾಗೆಯೇ ಆಗುತ್ತದೆ ಎಂಬುದನ್ನು ಎಂಜಿನಿಯರುಗಳಿಗೆ ವಿವರಿಸಬೇಕಾಗಿಲ್ಲ.

ನಮ್ಮ ಮೊದಲ ‘ತಾಂತ್ರಿಕ ಉಪನ್ಯಾಸ’ವನ್ನೇ ತೆಗೆದುಕೊಳ್ಳಿ. ತಮ್ಮ ಕಚೇರಿಯೇ ಏರ್ಪಡಿಸಿಕೊಟ್ಟ ಕಾರ್ಯಕ್ರಮ ಅದು. ಊರಿನ ಹೊರವಲಯದ ಹೋಟೆಲಿನ ಪಾರ್ಟಿ ಹಾಲ್, ರಾತ್ರಿ ಎಂಟು ಗಂಟೆಗೆ ಆರಂಭ, ವೇದಿಕೆಯ ಹಿಂದೆ ನಮ್ಮ ಸಂಘದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಸಿಮೆಂಟ್ ಕಂಪನಿಯ ಹೆಸರು. ವಿಷಯ ‘ಬಾಳಿಕೆ ಬರುವ ಕಾಂಕ್ರೀಟ್’. ಉಪನ್ಯಾಸಕರು ಕಂಪನಿಯ ತಾಂತ್ರಿಕ ವಿಭಾಗದ ಅಧಿಕಾರಿ. ಸಜ್ಜನರು, ವಿಷಯ ಬಲ್ಲವರು. ಆದರೆ ಅವರ ಸ್ಲೈಡುಗಳಲ್ಲಿ ಹೆಚ್ಚಿನವು ಹೊಸದಾಗಿ ಮಾರುಕಟ್ಟೆಗೆ ಬಂದ ಒಂದು ಚೀಲದ ಬಗ್ಗೆ ಇದ್ದವು. ಕಿರಿಯ ಸದಸ್ಯರೊಬ್ಬರು ಎದ್ದು, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಬಳಸಿದಾಗ ಎಷ್ಟು ದಿನ ಕ್ಯೂರಿಂಗ್ ಮಾಡಬೇಕು, ಅಂದರೆ ಕಾಂಕ್ರೀಟನ್ನು ನೀರಿನಲ್ಲಿ ಒದ್ದೆಯಾಗಿಡಬೇಕು, ಮಾಲೀಕರು ನಾಲ್ಕೇ ದಿನಕ್ಕೆ ನೀರು ನಿಲ್ಲಿಸುತ್ತಾರಲ್ಲ ಎಂದು ಕೇಳಿದರು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಸಂಹಿತೆಯಾದ ಐಎಸ್ 456ರಲ್ಲಿ ಅದಕ್ಕೆ ನೇರ ಉತ್ತರವಿದೆ: ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ಹಾರುಬೂದಿಯಂಥವು ಬೆರೆತ ಸಿಮೆಂಟಿಗೆ ಕನಿಷ್ಠ ಹತ್ತು ದಿನ, ಸಾಧ್ಯವಾದರೆ ಹದಿನಾಲ್ಕು. ಆ ಪ್ರಶ್ನೆಗೆ ಸಮಯ ಸಿಗಲಿಲ್ಲ. ಊಟ ತಣ್ಣಗಾಗುತ್ತದೆ ಎಂದು ನಿರೂಪಕರು ಘೋಷಿಸಿದರು. ಮರುದಿನ ಆ ಕಾರ್ಯಕ್ರಮಕ್ಕೆ ನಮಗೆ ಪೂರ್ಣ ಅಂಕ ಸಿಕ್ಕಿತು.

ಪ್ರಾಯೋಜಕರೇ ಬೇಡ ಎನ್ನುವಷ್ಟು ಹಟಮಾರಿ ನಾನಲ್ಲ. ಸಿಮೆಂಟ್, ಕಬ್ಬಿಣ, ಟೈಲ್ಸ್, ಜಲನಿರೋಧಕ ರಾಸಾಯನಿಕ ಇವೆಲ್ಲ ನಮ್ಮ ನಿತ್ಯದ ಸಾಮಗ್ರಿಗಳು, ಅವುಗಳ ತಯಾರಕರಿಂದ ಕಲಿಯುವುದೂ ಇದೆ. ನನ್ನ ಆಕ್ಷೇಪ ಇಷ್ಟೇ: ಯಾವ ಕಬ್ಬಿಣವನ್ನು ತರಬೇಕು ಎಂದು ಮನೆ ಕಟ್ಟಿಸುವವರು ಕೇಳುವುದು ನಮ್ಮನ್ನು. ಆ ಸಲಹೆ ಕೊಡಬೇಕಾದ ನಾವೇ ವರ್ಷವಿಡೀ ಒಂದು ಕಂಪನಿಯ ಊಟ ಉಂಡು, ಅದರ ಚೀಲ ಹೊತ್ತು, ಅದರ ಖರ್ಚಿನಲ್ಲಿ ಪ್ರವಾಸ ಹೋಗಿ ಬಂದರೆ ಆ ಸಲಹೆಗೆ ಬೆಲೆ ಎಲ್ಲಿ ಉಳಿಯುತ್ತದೆ? ಔಷಧ ಕಂಪನಿಗಳು ವೈದ್ಯರೊಂದಿಗೆ ಹೇಗೆ ವ್ಯವಹರಿಸಬೇಕು ಎಂಬುದಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಒಂದು ಏಕರೂಪ ಸಂಹಿತೆಯನ್ನು ಹೊರಡಿಸಿದೆ. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬ ಚರ್ಚೆ ಬೇರೆ, ಕನಿಷ್ಠ ಪ್ರಶ್ನೆಯಾದರೂ ಅಲ್ಲಿ ಎದ್ದಿದೆ. ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ ಎಂಬಂತೆ ನಡೆದುಕೊಂಡು ಬಂದಿದ್ದೇವೆ.

ಇದಕ್ಕೆ ಪ್ರತಿಯಾಗಿ ನಮ್ಮ ಕೇಂದ್ರ ತಾನಾಗಿ ಮಾಡಿದ ಒಂದು ಕಾರ್ಯಕ್ರಮದ ವಿವರ ಹೇಳುತ್ತೇನೆ. ಸರ್ಕಾರಿ ಪಾಲಿಟೆಕ್ನಿಕ್‌ನ ಅಂಗಳದಲ್ಲಿ ಒಂದು ಭಾನುವಾರ ಊರಿನ ಮೇಸ್ತ್ರಿಗಳನ್ನೂ ಕಂಬಿ ಬಾಗಿಸಿ ಕಟ್ಟುವ ಬಾರ್ ಬೆಂಡರ್‌ಗಳನ್ನೂ ಕರೆದೆವು. ಭಾಷಣ ಇರಲಿಲ್ಲ. ಒಂದೇ ಮಿಶ್ರಣವನ್ನು ಎರಡು ಪಾಲು ಮಾಡಿ, ಒಂದಕ್ಕೆ ಚೀಲಕ್ಕೆ 25 ಲೀಟರಿನ ಲೆಕ್ಕದಲ್ಲಿ ನೀರು ಅಳೆದು ಹಾಕಿದೆವು. ಇನ್ನೊಂದಕ್ಕೆ, ‘ನೀವು ದಿನಾ ಹಾಕೋ ಹಾಗೆ ಹಾಕಿ’ ಎಂದು ಹಿರಿಯ ಮೇಸ್ತ್ರಿಯೊಬ್ಬರ ಕೈಗೆ ಬಕೆಟ್ ಕೊಟ್ಟೆವು. ಅವರು ನೀರು ಸುರಿದು, ಸಲಿಕೆಯಿಂದ ತಿರುವಿ ನೋಡಿ, ಮತ್ತೊಂದಿಷ್ಟು ಸುರಿದರು. ‘ನೀರು ಕಮ್ಮಿ ಆದ್ರೆ ಕಾಂಕ್ರೀಟ್ ಓಡಲ್ಲ ಸಾರ್, ಕಂಬಿ ಕೆಳಗೆ ಹೋಗಲ್ಲ’ ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು, ಅದನ್ನು ನಾವು ಅಲ್ಲೇ ಒಪ್ಪಿಕೊಂಡೆವು. ಸೈಟಿನಲ್ಲಿ ವೈಬ್ರೇಟರ್ ಕೊಡದೆ, ಕಂಬಿಗಳನ್ನು ಒತ್ತೊತ್ತಾಗಿ ಕಟ್ಟಿಸಿ, ಗಟ್ಟಿ ಮಿಶ್ರಣ ಹಾಕು ಎಂದರೆ ಅವರಾದರೂ ಏನು ಮಾಡಬೇಕು?

ಆಮೇಲೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂದು ಅಳೆಯುವ ಸ್ಲಂಪ್ ಕೋನ್ ತಂದೆವು. ಮುನ್ನೂರು ಮಿಲಿಮೀಟರ್ ಎತ್ತರದ ಆ ತಗಡಿನ ಶಂಕುವಿನಲ್ಲಿ ಪದರ ಪದರವಾಗಿ ಕಾಂಕ್ರೀಟ್ ತುಂಬಿ, ಪ್ರತಿ ಪದರಕ್ಕೂ 25 ಸಲ ಸರಳಿನಿಂದ ಕುಟ್ಟಿ, ಮೆಲ್ಲಗೆ ಮೇಲೆತ್ತಿದಾಗ ಅಳೆದ ನೀರಿನ ಮಿಶ್ರಣ ಸ್ವಲ್ಪವೇ ಕುಸಿದು ನಿಂತಿತು. ಬಕೆಟ್ಟಿನ ಲೆಕ್ಕದ ಮಿಶ್ರಣ ತಟ್ಟೆಯ ತುಂಬ ಹರಡಿ, ಅಂಚಿನಲ್ಲಿ ಸಿಮೆಂಟಿನ ಹಾಲು ಬೇರೆಯಾಗಿ ಹರಿಯಿತು. ಎರಡರಿಂದಲೂ 150 ಮಿಲಿಮೀಟರಿನ ಕ್ಯೂಬ್‌ಗಳನ್ನು ಹಾಕಿ, ತೊಟ್ಟಿಯ ನೀರಿನಲ್ಲಿಟ್ಟು, 28 ದಿನಗಳ ನಂತರ ಕಾಲೇಜಿನ ಯಂತ್ರದಲ್ಲಿ ಒಡೆದು ತೋರಿಸಿದೆವು. ಆ ದಿನ ಕೂಲಿ ಬಿಟ್ಟು ಬಂದವರಲ್ಲಿ ಅದೇ ಹಿರಿಯ ಮೇಸ್ತ್ರಿಯೂ ಇದ್ದರು. ತಮ್ಮ ಕ್ಯೂಬ್‌ ಮೊದಲು ಒಡೆದಾಗ ಅವರು ಚೂರೊಂದನ್ನು ಎತ್ತಿಕೊಂಡು ಬೆರಳಿನಿಂದ ಉಜ್ಜಿ ನೋಡಿ, ಪಕ್ಕದವನ ಕೈಗೆ ಕೊಟ್ಟರು. ನೀರು ಹೆಚ್ಚಾದರೆ ಬಲ ಕಡಿಮೆಯಾಗುತ್ತದೆ ಎಂದು ನಾವು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಬಂದಿದ್ದೇವೆ. ಅದನ್ನು ಅವರು ಕೈಯಾರೆ ಮುಟ್ಟಿದ್ದು ಅಂದು.

ಈ ಕಾರ್ಯಕ್ರಮಕ್ಕೆ ಆದ ಖರ್ಚು ಸಿಮೆಂಟ್, ಜಲ್ಲಿ, ಎಂ-ಸ್ಯಾಂಡ್, ತಿಂಡಿ-ಕಾಫಿ ಮತ್ತು ಕಾಲೇಜಿನ ಪರೀಕ್ಷಾ ಶುಲ್ಕ. ಹೋಟೆಲಿನ ಒಂದು ರಾತ್ರಿಯ ಊಟದ ಬಿಲ್ಲಿಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೆ ತಮ್ಮ ಕಚೇರಿ ಆ ಬಿಲ್ಲನ್ನು ಹಿಂದಕ್ಕೆ ಕಳಿಸಿತು. ಕೊಟ್ಟ ಕಾರಣ, ಮೇಸ್ತ್ರಿಗಳು ಸಂಘದ ಸದಸ್ಯರಲ್ಲ, ಆದ್ದರಿಂದ ಇದು ತಾಂತ್ರಿಕ ಕಾರ್ಯಕ್ರಮದ ವ್ಯಾಖ್ಯೆಗೆ ಬರುವುದಿಲ್ಲ. ಕಟ್ಟಡದ ಪ್ರತಿ ಬಾಂಡ್ಲಿ ಕಾಂಕ್ರೀಟನ್ನೂ ಕೈಯಿಂದ ಹಾಕುವವರು ಯಾರು ಎಂಬುದು ತಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಸದಸ್ಯ ಬರೆದ ನಕ್ಷೆಯಲ್ಲಿ ಪಿಲ್ಲರಿಗೆ 40 ಮಿಲಿಮೀಟರ್ ಕವರ್ (ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ) ಎಂದಿದ್ದರೂ, ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿ ಕಂಬಿಯನ್ನು ಸೆಂಟ್ರಿಂಗ್ ಹಲಗೆಗೆ ತಾಗಿಸಿ ಬಿಟ್ಟರೆ, ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಸಿಡಿಯುವುದು ನಮ್ಮ ಸದಸ್ಯನ ಕಟ್ಟಡವೇ. ಆ ಖರ್ಚನ್ನು ಕೊನೆಗೆ ನಮ್ಮ ಸಮಿತಿಯ ಸದಸ್ಯರು ಜೇಬಿನಿಂದ ಹಂಚಿಕೊಂಡರು. ಮೊತ್ತ ಸಣ್ಣದು, ಅದನ್ನು ಮರಳಿ ಕೇಳುತ್ತಿಲ್ಲ. ಆ ವ್ಯಾಖ್ಯೆಯನ್ನು ಬದಲಿಸಿ ಎಂದು ಕೇಳುತ್ತಿದ್ದೇನೆ.

ಹಣದ ವಿಷಯ ಬಂದದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಸದಸ್ಯತ್ವ ಶುಲ್ಕ ಪೂರ್ತಿಯಾಗಿ ರಾಜ್ಯ ಕಚೇರಿಯ ಖಾತೆಗೆ ಜಮೆಯಾಗುತ್ತದೆ. ಬೈಲಾದ ಪ್ರಕಾರ ಅದರಲ್ಲೊಂದು ಪಾಲು ಕೇಂದ್ರಕ್ಕೆ ಮರಳಬೇಕು. ನಮ್ಮ ಅವಧಿಯ ಪಾಲು ನಾವು ಅಧಿಕಾರ ಬಿಟ್ಟುಕೊಡುವ ದಿನದವರೆಗೂ ಬರಲಿಲ್ಲ. ಕೇಂದ್ರಗಳಿಗೆ ಪ್ರತ್ಯೇಕ ನೋಂದಣಿ ಇಲ್ಲ, ಪ್ರತ್ಯೇಕ ಪ್ಯಾನ್ ಇಲ್ಲ. ಜಿಎಸ್‌ಟಿ ಸಂಖ್ಯೆ ರಾಜ್ಯ ಕಚೇರಿಯದ್ದೇ ಬಳಸಬೇಕು, ಬಿಲ್ಲುಗಳೆಲ್ಲ ಆ ಹೆಸರಿನಲ್ಲೇ ಇರಬೇಕು. ಇದರಲ್ಲಿ ತಪ್ಪಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಲೆಕ್ಕ ಒಪ್ಪಿಸುವ ಹೊಣೆ ರಾಜ್ಯ ಕಚೇರಿಯ ಮೇಲಿದೆ, ಆ ಶಿಸ್ತು ಬೇಕು. ಆದರೆ ಶಿಸ್ತಿನ ಹೊರೆಯೆಲ್ಲ ಕೇಂದ್ರದ ಮೇಲೆ, ಹಣವೆಲ್ಲ ರಾಜ್ಯ ಕಚೇರಿಯಲ್ಲಿ ಎಂದಾದಾಗ, ಸ್ವಯಂಸೇವಕನಾದ ಒಬ್ಬ ಖಜಾಂಚಿ ತನ್ನ ಕಚೇರಿ ಕೆಲಸ ಮುಗಿಸಿ ರಾತ್ರಿ ಕುಳಿತು, ಜಿಎಸ್‌ಟಿ ಇಲ್ಲದ ಕಾಫಿ ಬಿಲ್ಲಿಗೆ ವಿವರಣೆ ಬರೆಯುವ ಸ್ಥಿತಿ ಬರುತ್ತದೆ. ಮತ್ತು ಇದರ ನೇರ ಪರಿಣಾಮ ಏನೆಂದರೆ, ಕೈಯಲ್ಲಿ ಕಾಸಿಲ್ಲದ ಕೇಂದ್ರ ಪ್ರಾಯೋಜಕನ ಬಾಗಿಲಿಗೆ ಹೋಗುತ್ತದೆ. ಪಾರ್ಟಿ ಹಾಲಿನ ಬ್ಯಾನರ್ ಬಗ್ಗೆ ಮೇಲೆ ಬರೆದದ್ದಕ್ಕೂ ತಡವಾದ ಪಾಲಿಗೂ ಹೀಗೆ ಸಂಬಂಧವಿದೆ.

ಪ್ರತಿ ತಿಂಗಳ ಎರಡನೇ ಶನಿವಾರ ಊರಿನ ಗ್ರಂಥಾಲಯದ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು, ಮನೆ ಕಟ್ಟುವವರಿಗೆ ಉಚಿತ ಸಲಹೆ ಕೊಡುವ ಕೆಲಸವನ್ನೂ ನಮ್ಮ ಕೇಂದ್ರ ಆರಂಭಿಸಿತು. ಬಂದವರಲ್ಲಿ ಹೆಚ್ಚಿನವರು 30-40 ಅಥವಾ 20-30 ಸೈಟಿನವರು, ಬ್ಯಾಂಕ್ ಸಾಲ ಮಾಡಿದವರು, ನಿವೃತ್ತಿಯ ಹಣ ಹಾಕಿದವರು. ಅಡುಗೆಮನೆ ಆಗ್ನೇಯಕ್ಕೆ ಬರುತ್ತದೆಯೇ ಎಂದು ಕೇಳುವಷ್ಟು ಕಾಳಜಿಯಿಂದ ಪಾಯದಡಿಯ ಮಣ್ಣು ಎಂಥದ್ದು ಎಂದು ಯಾರೂ ಕೇಳುವುದಿಲ್ಲ ಎಂಬುದು ನಮ್ಮ ಅನುಭವ. ಈ ಮಾತನ್ನು ದೂರಾಗಿ ಹೇಳುತ್ತಿಲ್ಲ, ಕೇಳಬೇಕೆಂದು ನಾವು ಯಾವತ್ತು ಹೇಳಿಕೊಟ್ಟಿದ್ದೇವೆ? 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರ (ಓಸಿ) ತೋರಿಸಿದ ಮೇಲೆಯೇ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಆದೇಶಿಸಿದ ಮೇಲಂತೂ ಆ ಮೇಜಿನ ಮುಂದೆ ಸಾಲು ಬೆಳೆಯಿತು. ‘ಓಸಿ ಅಂದ್ರೇನು ಸಾರ್, ನಮ್ಮ ಎಂಜಿನಿಯರ್ ಹೇಳಲೇ ಇಲ್ಲ’ ಎಂಬುದು ಪದೇ ಪದೇ ಕೇಳಿದ ಮಾತು.

ಈ ಪತ್ರದ ಮುಖ್ಯ ದೂರು ಹುಟ್ಟಿದ್ದು ಆ ಮೇಜಿನ ಮುಂದೆಯೇ. ಅಲ್ಲಿಗೆ ಬಂದ ಕೆಲವರ ಕೈಯಲ್ಲಿದ್ದ ಮಂಜೂರಾದ ನಕ್ಷೆಗಳಲ್ಲಿ ಒಂದೇ ಸಹಿ, ಒಂದೇ ಸೀಲು ಕಂಡಿತು. ‘ಇವರು ಸೈಟಿಗೆ ಬಂದಿದ್ದರಾ?’ ಎಂದು ಕೇಳಿದರೆ, ‘ಯಾರು ಸಾರ್ ಅದು? ನಮಗೆ ಪ್ಲಾನ್ ಮಾಡಿಕೊಟ್ಟಿದ್ದು ಜೆರಾಕ್ಸ್ ಅಂಗಡಿ ಪಕ್ಕದ ಡ್ರಾಫ್ಟ್ಸ್‌ಮನ್’ ಎಂದರು. ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ಮನೆಗೆ ನಾವೇ ಹೋಗಿ ನೋಡಿದೆವು. ಮಂಜೂರಾದ ನಕ್ಷೆಯಲ್ಲಿ ನೆಲಮಹಡಿ ಮತ್ತು ಮೊದಲ ಮಹಡಿ. ನಿಂತಿರುವುದು ಮೂರು ಮಹಡಿ. ನಕ್ಷೆಯ ಜತೆಗಿದ್ದ ಕಟ್ಟಡ ಭದ್ರತೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಆ ಗೋಡೆಗಳನ್ನು ಕಣ್ಣಿನಿಂದ ಕಂಡಿರಲಿಲ್ಲ. ಮೆಟ್ಟಿಲಿನ ಪಕ್ಕದ ಬೀಮಿನಲ್ಲಿ ಬಿರುಕು ಓರೆಯಾಗಿ ಹೊರಟಿತ್ತು. ಪ್ಲಾಸ್ಟರಿನ ಮೇಲ್ಮೈಯಲ್ಲಿ ಕಾಣುವ ಕೂದಲೆಳೆಯ ಬಿರುಕಿಗೂ ಆಧಾರದ ಹತ್ತಿರ ಓರೆಯಾಗಿ ಏಳುವ ಅಪಾಯದ ಬಿರುಕಿಗೂ ಇರುವ ವ್ಯತ್ಯಾಸವನ್ನು ತಮಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಆ ಬೀಮಿಗೆ ತಾತ್ಕಾಲಿಕ ಆಸರೆ ಕೊಡಿಸಿ, ಮೇಲಿನ ಮಹಡಿಯನ್ನು ಖಾಲಿ ಮಾಡಿಸುವವರೆಗೆ ನಮ್ಮ ಕಾರ್ಯದರ್ಶಿ ಸುಮ್ಮನೆ ಕೂರಲಿಲ್ಲ.

ಆ ಸಹಿ ನಮ್ಮದೇ ಸಂಘದ ಆಜೀವ ಸದಸ್ಯರೊಬ್ಬರದ್ದು. ಕಟ್ಟಡವನ್ನೂ ನೋಡದೆ, ಲೆಕ್ಕವನ್ನೂ ಮಾಡದೆ, ಶುಲ್ಕ ಪಡೆದು ಸಹಿ ಕೊಡುವ ಈ ಪದ್ಧತಿ ನಮ್ಮ ಊರಿಗೆ ಮಾತ್ರ ಸೀಮಿತವಲ್ಲ ಎಂಬುದು ನಮಗೂ ಗೊತ್ತು, ತಮಗೂ ಗೊತ್ತು. ನಕ್ಷೆಗಳ ಪ್ರತಿ, ಮಾಲೀಕರ ಲಿಖಿತ ಹೇಳಿಕೆ ಮತ್ತು ನಮ್ಮ ಸ್ಥಳ ಪರಿಶೀಲನೆಯ ಟಿಪ್ಪಣಿ ಲಗತ್ತಿಸಿ, ಕೇಂದ್ರದ ಕಾರ್ಯಕಾರಿ ಸಮಿತಿಯ ಸರ್ವಾನುಮತದ ನಿರ್ಣಯದೊಂದಿಗೆ ಸದಸ್ಯರ ವೃತ್ತಿ ನಡತೆಯನ್ನು ವಿಚಾರಿಸಬೇಕಾದ ತಮ್ಮ ನೀತಿ ಸಮಿತಿಗೆ ದೂರು ಸಲ್ಲಿಸಿದೆವು. ಆ ಸದಸ್ಯರ ವಾದವನ್ನೂ ಕೇಳಿ, ಆಮೇಲೆ ತೀರ್ಮಾನಿಸಿ ಎಂದೇ ಬರೆದಿದ್ದೆವು. ಸ್ವೀಕೃತಿಯ ಒಂದು ಸಾಲು ಬಿಟ್ಟರೆ ಇಂದಿನವರೆಗೆ ಏನೂ ಬಂದಿಲ್ಲ. ವಿಚಾರಿಸಿದಾಗ ರಾಜ್ಯ ಸಮಿತಿಯ ಹಿರಿಯರೊಬ್ಬರು ಫೋನಿನಲ್ಲಿ, ‘ಮನೆ ಮಾತು ಬೀದಿಗೆ ಯಾಕೆ ತರ್ತೀರಿ, ಅವರು ಸಮ್ಮೇಳನಕ್ಕೆ ತುಂಬ ಸಹಾಯ ಮಾಡಿದವರು’ ಎಂದರು. ನೀತಿ ಸಮಿತಿ ಈ ಅವಧಿಯಲ್ಲಿ ಒಮ್ಮೆಯಾದರೂ ಸಭೆ ಸೇರಿದೆಯೇ ಎಂಬ ಪ್ರಶ್ನೆಗೆ ಅವರಿಂದ ಉತ್ತರ ಸಿಗಲಿಲ್ಲ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಅಂದು ನಾವೆಲ್ಲ ಶ್ರದ್ಧಾಂಜಲಿ ಸಭೆ ನಡೆಸಿದೆವು, ಗುಣಮಟ್ಟದ ಬಗ್ಗೆ ವಿಚಾರ ಸಂಕಿರಣ ಮಾಡಿದೆವು, ಸರ್ಕಾರಕ್ಕೆ ಮನವಿ ಕೊಟ್ಟೆವು. ಆ ದುರಂತದ ಕಾರಣಗಳನ್ನು ತನಿಖೆ, ನ್ಯಾಯಾಲಯಗಳು ನೋಡಿಕೊಳ್ಳುತ್ತವೆ. ಅದಕ್ಕೂ ನಮ್ಮ ಊರಿನ ಪ್ರಕರಣಕ್ಕೂ ನಾನು ಗಂಟು ಹಾಕುತ್ತಿಲ್ಲ. ಕುಸಿದ ಮೇಲೆ ಮನವಿ ಕೊಡಲು ಬರುವ ನಮಗೆ, ಕುಸಿಯುವ ಮೊದಲು ಕೈಗೆ ಬಂದ ದೂರಿನ ಕಡತವನ್ನು ಬಿಚ್ಚಲು ಏಕೆ ಆಗುವುದಿಲ್ಲ ಎಂದಷ್ಟೇ ಕೇಳುತ್ತಿದ್ದೇನೆ. ಸರ್ಕಾರ ಎಂಜಿನಿಯರುಗಳ ಕಾಯ್ದೆ ತರಬೇಕೆಂದು ಪ್ರತಿ ಸಮ್ಮೇಳನದಲ್ಲಿ ನಿರ್ಣಯ ಕೈಗೊಳ್ಳುತ್ತೇವೆ. ನಮ್ಮ ಸದಸ್ಯನ ವಿರುದ್ಧ ಬಂದ ಒಂದು ದೂರನ್ನು ನಾವೇ ವಿಚಾರಿಸದಿದ್ದಾಗ, ಕಾಯ್ದೆ ಬಂದ ಮೇಲೆ ಪರಿಷತ್ತಿನಲ್ಲಿ ಕೂರಲು ನಾವು ಅರ್ಹರೆಂದು ಯಾವ ಮುಖ ಹೊತ್ತು ಹೇಳುವುದು?

ಸಭೆಗಳ ಸಮಯದ ಬಗ್ಗೆಯೂ ಒಂದು ಮಾತು. ನಮ್ಮ ಕೇಂದ್ರದಲ್ಲಿ ಮಹಿಳಾ ಸದಸ್ಯರು ಇದ್ದರೂ ಸಭೆಯಲ್ಲಿ ಕಾಣುತ್ತಿರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂಬುದು ವರ್ಷಗಳಿಂದ ಕೇಳಿಬರುತ್ತಿದ್ದ ವಿವರಣೆ. ಸಭೆಯನ್ನು ರಾತ್ರಿ ಎಂಟರ ಹೋಟೆಲಿನಿಂದ ಶನಿವಾರ ಮಧ್ಯಾಹ್ನದ ಪಾಲಿಟೆಕ್ನಿಕ್ ಕೊಠಡಿಗೆ ತಂದ ಮೇಲೆ ಅವರೂ ಬಂದರು, ಸೈಟಿನಲ್ಲಿ ದುಡಿಯುವ ಡಿಪ್ಲೊಮಾ ಹುಡುಗರೂ ಬಂದರು. ಗ್ರಂಥಾಲಯದ ಸಲಹಾ ಮೇಜನ್ನು ಹೆಚ್ಚಾಗಿ ನಡೆಸಿಕೊಂಡು ಹೋದವರು ಈ ಮಹಿಳಾ ಎಂಜಿನಿಯರುಗಳೇ. ತಮ್ಮ ಅಂಕಪಟ್ಟಿಯಲ್ಲಿ ಮಾತ್ರ ಹೋಟೆಲ್ ಸಭೆಗೆ ಇದ್ದಷ್ಟು ಅಂಕ ಕೊಠಡಿಯ ಸಭೆಗೆ ಇಲ್ಲ.

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಾಚರಣೆಯ ಸುತ್ತೋಲೆಯನ್ನೂ ಪ್ರಸ್ತಾಪಿಸದೆ ಇರಲಾರೆ. ಅದರಲ್ಲಿ ಗಣ್ಯರ ಪಟ್ಟಿ, ಶಾಲು, ಹಾರ, ಮೈಸೂರು ಪೇಟ, ಸ್ಮರಣಿಕೆ, ಫೋಟೋದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದರವರೆಗೆ ಸೂಚನೆಗಳಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರು 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಪ್ರವಾಹ ತಡೆಯ ಯೋಜನೆ ರೂಪಿಸಿದವರು. ಅವರ ಹೆಸರಿನ ದಿನ ನಮ್ಮ ಊರಿನ ಮುಚ್ಚಿಹೋದ ರಾಜಕಾಲುವೆಯ ಉದ್ದಕ್ಕೂ ಸದಸ್ಯರೆಲ್ಲ ನಡೆದು, ಎಲ್ಲೆಲ್ಲಿ ಒತ್ತುವರಿ, ಎಲ್ಲೆಲ್ಲಿ ಕಿರಿದಾದ ಮೋರಿ ಎಂದು ಗುರುತಿಸಿ ನಗರಸಭೆಗೆ ನಕ್ಷೆ ಕೊಡೋಣ ಎಂದು ನಾವು ಯೋಜಿಸಿದ್ದೆವು. ‘ಮೊದಲು ಸುತ್ತೋಲೆಯ ಪ್ರಕಾರ ಮಾಡಿ’ ಎಂಬ ಉತ್ತರ ಬಂತು. ಪೇಟ ತೊಡಿಸಿದ ಮೇಲೆ ಮಧ್ಯಾಹ್ನ ಉಳಿದವರು ಕಾಲುವೆಗೂ ಹೋಗಿ ಬಂದೆವು. ನಕ್ಷೆಯನ್ನು ಕೊಟ್ಟಿದ್ದೇವೆ, ನಗರಸಭೆಯವರು ಒಂದು ಮೋರಿಯನ್ನು ಅಗಲಗೊಳಿಸುವ ಕೆಲಸವನ್ನು ಕ್ರಿಯಾಯೋಜನೆಗೆ ಸೇರಿಸಿದ್ದಾರೆ.

ರಾಜ್ಯ ಸಮಿತಿ ಮಾಡಿದ್ದೆಲ್ಲವೂ ತಪ್ಪು ಎಂಬುದು ನನ್ನ ಮಾತಿನ ತಾತ್ಪರ್ಯವಲ್ಲ. ತಾವು ನಡೆಸಿದ ನಿರ್ಮಾಣ ಸಂಹಿತೆಗಳ ಆನ್‌ಲೈನ್ ತರಗತಿಗಳು ನಮ್ಮಂಥ ಸಣ್ಣ ಊರುಗಳ ಎಂಜಿನಿಯರುಗಳಿಗೆ ನಿಜಕ್ಕೂ ಉಪಯೋಗವಾದವು, ಪ್ರಾಯೋಜಕರ ನೆರಳೂ ಅಲ್ಲಿರಲಿಲ್ಲ. ಹಾಗೆ ಮಾಡಲು ಬರುತ್ತದೆ ಎಂಬುದು ಅದರಿಂದ ತಿಳಿಯಿತಾದ್ದರಿಂದಲೇ ಮುಂದಿನ ಬೇಡಿಕೆಗಳನ್ನು ಇಡುವ ಧೈರ್ಯ ಮಾಡುತ್ತಿದ್ದೇನೆ.

ಮೊದಲನೆಯದಾಗಿ, ನೀತಿ ಸಮಿತಿ ಸಭೆ ಸೇರಲಿ. ಕೇಂದ್ರಗಳಿಂದ ಬಂದ ದೂರುಗಳನ್ನು ಇಷ್ಟು ದಿನಗಳೊಳಗೆ ವಿಚಾರಿಸಿ ಲಿಖಿತ ಆದೇಶ ಕೊಡಬೇಕೆಂಬ ಅವಧಿಯನ್ನು ಬೈಲಾದಲ್ಲಿಯೇ ನಿಗದಿಪಡಿಸಬೇಕು. ಸಮಿತಿಯಲ್ಲಿ ಸಂಘಕ್ಕೆ ಸೇರದ ಒಬ್ಬರು, ನಿವೃತ್ತ ನ್ಯಾಯಾಧೀಶರೋ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರೋ, ಇರಬೇಕು. ಸಮ್ಮೇಳನಕ್ಕೆ ಸಹಾಯ ಮಾಡಿದವರಿಗೆ ಅಲ್ಲಿ ವಿನಾಯಿತಿ ಇರಬಾರದು. ನಮ್ಮ ಕೇಂದ್ರದ ದೂರಿನಲ್ಲಿ ಆ ಸದಸ್ಯರು ನಿರ್ದೋಷಿ ಎಂದು ವಿಚಾರಣೆಯ ನಂತರ ತೀರ್ಮಾನವಾದರೆ ಅದನ್ನು ನಾವು ತಲೆಬಾಗಿ ಒಪ್ಪುತ್ತೇವೆ. ಜತೆಗೆ, ಭದ್ರತಾ ಪ್ರಮಾಣಪತ್ರಕ್ಕೆ ಸಹಿ ಹಾಕುವ ಪ್ರತಿ ಸದಸ್ಯನೂ ಪಾಯ, ಪ್ಲಿಂತ್ ಮತ್ತು ಪ್ರತಿ ಮೋಲ್ಡ್ ಹಾಕುವ ಹಂತದಲ್ಲಿ ಸೈಟಿಗೆ ಭೇಟಿ ಕೊಟ್ಟ ದಿನಾಂಕವನ್ನು ಬರೆದಿಡುವ ಒಂದು ಪುಸ್ತಕವನ್ನು ಸಂಘ ಕಡ್ಡಾಯ ಮಾಡಲಿ. ಇದಕ್ಕೆ ಸರ್ಕಾರದ ಕಾಯ್ದೆ ಬೇಕಿಲ್ಲ, ತಮ್ಮ ಒಂದು ನಿರ್ಣಯ ಸಾಕು.

ಪ್ರಾಯೋಜಕತ್ವಕ್ಕೊಂದು ಲಿಖಿತ ನಿಯಮ ಬೇಕು. ಉಪನ್ಯಾಸದ ವಿಷಯವನ್ನೂ ಉಪನ್ಯಾಸಕರನ್ನೂ ಕೇಂದ್ರವೇ ಆರಿಸಲಿ, ಯಾವ ಕಂಪನಿ ಎಷ್ಟು ಕೊಟ್ಟಿತು ಎಂಬುದು ವಾರ್ಷಿಕ ವರದಿಯಲ್ಲಿ ಸದಸ್ಯರಿಗೆಲ್ಲ ಕಾಣುವಂತೆ ಪ್ರಕಟವಾಗಲಿ, ಕಂಪನಿಯ ಖರ್ಚಿನ ಪ್ರವಾಸಗಳು ನಿಲ್ಲಲಿ. ಕೇಂದ್ರಗಳ ಪಾಲನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಬಿಡುಗಡೆ ಮಾಡಿ, ಒಂದು ಮಿತಿಯೊಳಗಿನ ಖರ್ಚಿಗೆ ಮುಂಗಡ ಅನುಮತಿ ಬೇಡ ಎಂದು ಆದೇಶಿಸಿ. ಮೇಸ್ತ್ರಿ, ಬಾರ್ ಬೆಂಡರ್, ಸೈಟ್ ಸೂಪರ್‌ವೈಸರುಗಳ ತರಬೇತಿಯನ್ನು ತಾಂತ್ರಿಕ ಕಾರ್ಯಕ್ರಮ ಎಂದು ಪರಿಗಣಿಸಿ, ಕೇಂದ್ರಗಳ ಅಂಕಪಟ್ಟಿಯಲ್ಲಿ ಹೋಟೆಲ್ ಸಭೆಗಿಂತ ಹೆಚ್ಚಿನ ಅಂಕ ಕೊಡಿ. ಅಂಕಪಟ್ಟಿಯನ್ನೇ ಕೈಬಿಟ್ಟರೆ ಇನ್ನೂ ಒಳ್ಳೆಯದು.

ಕೊನೆಯದು ಸರ್ಕಾರದ ಮುಂದೆ ಇಡಬೇಕಾದದ್ದು. ಗುಜರಾತಿನ ಕಾಯ್ದೆಯ ಅನುಭವವನ್ನು ಅಧ್ಯಯನ ಮಾಡಿ, ಅಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಕಾಗದದಲ್ಲೇ ಉಳಿಯಿತು ಎಂಬುದನ್ನು ನೋಡಿಕೊಂಡು, ಕರ್ನಾಟಕಕ್ಕೆ ಹೊಂದುವ ಒಂದು ಕರಡನ್ನು ಸಂಘವೇ ಸಿದ್ಧಪಡಿಸಲಿ. ‘ಕಾಯ್ದೆ ತನ್ನಿ’ ಎಂಬ ಒಂದು ಸಾಲಿನ ನಿರ್ಣಯದ ಬದಲು ಮಂತ್ರಿಗಳ ಕೈಗೆ ಕೊಡಲು ಒಂದು ಕರಡು ಇರಲಿ. ಆ ಕೆಲಸಕ್ಕೆ ನಮ್ಮ ಕೇಂದ್ರದ ಹಲವರು ಬಿಡುವು ಮಾಡಿಕೊಳ್ಳಲು ಸಿದ್ಧರಿದ್ದಾರೆ, ನಾನೂ ಅವರಲ್ಲಿ ಒಬ್ಬ.

ಈ ಪತ್ರವನ್ನು ಮುಂದಿನ ರಾಜ್ಯ ಕಾರ್ಯಕಾರಿ ಸಭೆಯ ಕಾರ್ಯಸೂಚಿಗೆ ಸೇರಿಸಿ, ಸಭೆಯ ತೀರ್ಮಾನವನ್ನು ಎಲ್ಲ ಕೇಂದ್ರಗಳಿಗೂ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ನೀತಿ ಸಮಿತಿಗೆ ಸಲ್ಲಿಸಿದ ದೂರಿನ ಸ್ವೀಕೃತಿ ಮತ್ತು ಲಗತ್ತುಗಳ ಇನ್ನೊಂದು ಪ್ರತಿಯನ್ನು ಅಂಚೆಯಲ್ಲಿ ಪ್ರತ್ಯೇಕವಾಗಿ ಕಳಿಸಿದ್ದೇನೆ. ಆ ಶಿಕ್ಷಕಿಯ ಮನೆಯ ಬೀಮಿಗೆ ಕೊಟ್ಟ ಆಸರೆ ತಾತ್ಕಾಲಿಕವಾದದ್ದು. ಬಲಪಡಿಸುವ ಕೆಲಸದ ಖರ್ಚನ್ನು ಯಾರು ಭರಿಸಬೇಕು ಎಂಬುದು ತಮ್ಮ ವಿಚಾರಣೆಯ ಮೇಲೆ ನಿಂತಿದೆ. ಮಳೆಗಾಲಕ್ಕೆ ಮೊದಲು ಅದು ಮುಗಿಯಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ನಿಕಟಪೂರ್ವ ಅಧ್ಯಕ್ಷ, ಜಿಲ್ಲಾ ಕೇಂದ್ರ